ಸುದ್ದಿಯಲ್ಲಿ ಕಂಡ ಸುಲ್ತಾನ

ರಾಯದುರ್ಗದ ಮಕ್ಕಳು ಶಾಲೆಗೆ ಹೋಗುವಾಗ ದಿನವೂ ಬೆಟ್ಟದ ಮೇಲಿನ ಕೋಟೆಯನ್ನು ನೋಡುತ್ತಾರೆ. ಮಡಕಶಿರದ ಮಕ್ಕಳಿಗೂ ತಮ್ಮ ಊರಿನ ಬೆಟ್ಟದ ಕೋಟೆ ಗೊತ್ತು. ಒಂದು ಕಾಲದಲ್ಲಿ ಈ ಕೋಟೆಗಳನ್ನು ಪಾಳೆಯಗಾರರು ಆಳುತ್ತಿದ್ದರು. ಮುಂದೆ ಇವು ಮೈಸೂರಿನ ಹೈದರಾಲಿ ಮತ್ತು ಅವನ ಮಗ ಟಿಪ್ಪು ಸುಲ್ತಾನನ ಅಧಿಕಾರಕ್ಕೆ ಒಳಪಟ್ಟವು.

ಟಿಪ್ಪು ಸುಲ್ತಾನನ ಹೆಸರನ್ನು ಕೇಳದವರು ಕಡಿಮೆ. ಆದರೆ ಅವನು ಎಲ್ಲರಿಗೂ ಒಂದೇ ರೀತಿ ಕಾಣುವುದಿಲ್ಲ. ಕೆಲವರು ಅವನನ್ನು ವೀರನೆಂದು ಹಾಡಿದರು. ಕೆಲವರು ಕ್ರೂರಿಯೆಂದು ಬರೆದರು. ಒಬ್ಬನೇ ಮನುಷ್ಯ ಇಷ್ಟು ಬೇರೆ ಬೇರೆಯಾಗಿ ಕಾಣಲು ಕಾರಣವೇನು? ಅವನ ಜೀವನವನ್ನು ತಿಳಿಯುವುದರ ಜೊತೆಗೆ ಅವನ ಯುದ್ಧಗಳ ಸುದ್ದಿ ಹೇಗೆ ಹರಡಿತು ಎಂಬುದನ್ನೂ ತಿಳಿದರೆ ಇದಕ್ಕೆ ಉತ್ತರ ಸಿಗುತ್ತದೆ.

ಟಿಪ್ಪು 1750ರ ನವೆಂಬರ್ 20ರಂದು ದೇವನಹಳ್ಳಿಯಲ್ಲಿ ಜನಿಸಿದನು. ತಂದೆ ಹೈದರಾಲಿ. ತಾಯಿ ಫಕ್ರುನ್ನೀಸಾ. ಆರ್ಕಾಟಿನ ಟಿಪ್ಪು ಮಸ್ತಾನ್ ಎಂಬ ಸಂತರ ಹೆಸರನ್ನೇ ಮಗುವಿಗೆ ಇಟ್ಟರು. ಹೈದರಾಲಿ ಸಾಮಾನ್ಯ ಸೈನಿಕನಾಗಿ ಸೇರಿ ಮೈಸೂರು ರಾಜ್ಯದ ಅಧಿಕಾರವನ್ನೆಲ್ಲ ತನ್ನ ಕೈಗೆ ತೆಗೆದುಕೊಂಡವನು. ಅವನಿಗೆ ಓದು ಬರಹ ಬರುತ್ತಿರಲಿಲ್ಲ. ಆದ್ದರಿಂದ ಮಗನಾದರೂ ವಿದ್ಯಾವಂತನಾಗಲೆಂದು ಒಳ್ಳೆಯ ಗುರುಗಳನ್ನು ನೇಮಿಸಿದನು. ಟಿಪ್ಪು ಕುದುರೆ ಸವಾರಿ, ಕತ್ತಿವರಸೆಗಳ ಜೊತೆಗೆ ಹಲವು ಭಾಷೆಗಳನ್ನೂ ಕಲಿತನು. ಹದಿನೇಳನೆಯ ವಯಸ್ಸಿಗೆ ಬರುವ ಹೊತ್ತಿಗೆ ತಂದೆಯ ಜೊತೆ ಯುದ್ಧರಂಗದಲ್ಲಿದ್ದನು.

ಆಗ ನಮ್ಮ ದೇಶದಲ್ಲಿ ಇಂಗ್ಲಿಷರ ಈಸ್ಟ್ ಇಂಡಿಯಾ ಕಂಪನಿ ವ್ಯಾಪಾರದ ನೆಪದಲ್ಲಿ ನಾಡುಗಳನ್ನು ಗೆಲ್ಲುತ್ತಿತ್ತು. ಮೈಸೂರಿಗೂ ಕಂಪನಿಗೂ ನಾಲ್ಕು ಯುದ್ಧಗಳು ನಡೆದವು. ಎರಡನೆಯ ಯುದ್ಧ 1780ರಲ್ಲಿ ಆರಂಭವಾಯಿತು. ಆ ವರ್ಷದ ಸೆಪ್ಟೆಂಬರ್ 10ರಂದು ಕಂಚಿಯ ಹತ್ತಿರದ ಪೊಳ್ಳಿಲೂರಿನಲ್ಲಿ ಕರ್ನಲ್ ಬೇಯ್ಲಿಯ ಸೈನ್ಯವನ್ನು ಹೈದರ್ ಮತ್ತು ಟಿಪ್ಪು ಸುತ್ತುವರಿದರು. ಮೈಸೂರಿನ ಸೈನಿಕರು ಕಬ್ಬಿಣದ ಕೊಳವೆಯ ರಾಕೆಟ್‌ಗಳನ್ನು ಹಾರಿಸಿದರು. ಕಂಪನಿಯ ಮದ್ದಿನ ಬಂಡಿಗಳು ಸಿಡಿದವು. ಕಂಪನಿ ಸೈನ್ಯ ಪೂರ್ತಿಯಾಗಿ ಸೋತಿತು. ಬೇಯ್ಲಿ ಸೆರೆಸಿಕ್ಕಿದನು. ಅವನ ಜೊತೆ ಡೇವಿಡ್ ಬೇರ್ಡ್ ಎಂಬ ಅಧಿಕಾರಿಯೂ ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ಬಂದನು. ಈ ಬೇರ್ಡ್‌ನ ಹೆಸರನ್ನು ನೆನಪಿಟ್ಟುಕೊಳ್ಳಿರಿ. ಮುಂದೆ ಅವನು ಮತ್ತೆ ಬರುತ್ತಾನೆ.

ಆಗ ತಂತಿ ಇರಲಿಲ್ಲ, ರೇಡಿಯೋ ಇರಲಿಲ್ಲ. ಇಲ್ಲಿನ ಸುದ್ದಿ ಹಡಗಿನಲ್ಲಿ ಇಂಗ್ಲೆಂಡನ್ನು ಸೇರಲು ಅನೇಕ ತಿಂಗಳು ಬೇಕಾಗುತ್ತಿತ್ತು. ಪೊಳ್ಳಿಲೂರಿನ ಸುದ್ದಿ ಮುಟ್ಟಿದಾಗ ಲಂಡನ್ನಿನ ಜನ ಬೆಚ್ಚಿಬಿದ್ದರು. ಸೆರೆಯಿಂದ ಮರಳಿದವರು ತಾವು ಪಟ್ಟ ಕಷ್ಟವನ್ನು ಬರೆದರು. ಆ ಪುಸ್ತಕಗಳನ್ನು ಜನ ಆಸಕ್ತಿಯಿಂದ ಓದಿದರು. ಸೆರೆಮನೆಯ ಕಷ್ಟ ನಿಜವಾಗಿತ್ತು. ಆದರೆ ಕಂಪನಿಯ ಸೈನ್ಯ ಇಷ್ಟು ದೂರದ ನಾಡಿಗೆ ಏಕೆ ಹೋಗಿತ್ತು ಎಂಬ ಪ್ರಶ್ನೆ ಆ ಕತೆಗಳ ನಡುವೆ ಹಿಂದೆ ಸರಿಯಿತು.

ಅದೇ 1780ರ ಜನವರಿಯಲ್ಲಿ ಕಲ್ಕತ್ತಾದಲ್ಲಿ ಹಿಕ್ಕಿ ಎಂಬವನು ಭಾರತದ ಮೊದಲ ಸುದ್ದಿಪತ್ರಿಕೆಯನ್ನು ಆರಂಭಿಸಿದ್ದನು. ಅವನೂ ಯೂರೋಪಿನಿಂದಲೇ ಬಂದವನು. ಆದರೂ ಕಂಪನಿಯ ಅಧಿಕಾರಿಗಳನ್ನು, ಅವರು ನಡೆಸುತ್ತಿದ್ದ ಯುದ್ಧಗಳನ್ನು ಟೀಕಿಸಿದನು. ಎರಡೇ ವರ್ಷಗಳಲ್ಲಿ ಅವನ ಅಚ್ಚುಯಂತ್ರವನ್ನು ಕಿತ್ತುಕೊಂಡರು. ಪತ್ರಿಕೆ ನಿಂತುಹೋಯಿತು.

ಯುದ್ಧ ಇನ್ನೂ ನಡೆಯುತ್ತಿರುವಾಗಲೇ 1782ರ ಡಿಸೆಂಬರ್ 7ರಂದು ಚಿತ್ತೂರಿನ ಬಳಿಯ ಶಿಬಿರದಲ್ಲಿ ಹೈದರಾಲಿ ತೀರಿಕೊಂಡನು. ಟಿಪ್ಪು ಆಗ ದೂರದ ಮಲಬಾರಿನಲ್ಲಿದ್ದನು. ಒಡೆಯನಿಲ್ಲವೆಂದು ತಿಳಿದರೆ ಸೈನ್ಯ ಚದುರಿಹೋಗಬಹುದಿತ್ತು. ಆದ್ದರಿಂದ ಪೂರ್ಣಯ್ಯ ಮೊದಲಾದ ಅಧಿಕಾರಿಗಳು ಸಾವಿನ ಸುದ್ದಿಯನ್ನು ಬಚ್ಚಿಟ್ಟರು. ಹೈದರನ ದೇಹವನ್ನು ದೊಡ್ಡ ಪೆಟ್ಟಿಗೆಯಲ್ಲಿಟ್ಟು, ಬೆಲೆಬಾಳುವ ವಸ್ತುಗಳೆಂಬಂತೆ ಶಿಬಿರದಿಂದ ಕಳುಹಿಸಿದರು. ಹರಿಕಾರರು ಟಿಪ್ಪುವಿನ ಕಡೆಗೆ ಓಡಿದರು. ಟಿಪ್ಪು ಬಂದು ಸೇರುವವರೆಗೆ ಸೈನ್ಯ ಒಟ್ಟಾಗಿಯೇ ಇತ್ತು. ಯುದ್ಧದಲ್ಲಿ ಫಿರಂಗಿಯಷ್ಟೇ ಸುದ್ದಿಗೂ ಶಕ್ತಿಯುಂಟು ಎಂಬುದು ಆಳುವವರಿಗೆಲ್ಲ ಗೊತ್ತಿತ್ತು.

1784ರ ಮಾರ್ಚಿಯಲ್ಲಿ ಮಂಗಳೂರಿನಲ್ಲಿ ಒಪ್ಪಂದವಾಗಿ ಎರಡನೆಯ ಯುದ್ಧ ಮುಗಿಯಿತು. ಸೆರೆಯಾಳುಗಳಿಗೆ ಬಿಡುಗಡೆಯಾಯಿತು. ಡೇವಿಡ್ ಬೇರ್ಡ್ ಕೂಡ ಬಿಡುಗಡೆ ಹೊಂದಿದನು. ಬೇಯ್ಲಿ ಮಾತ್ರ ಅದಕ್ಕೆ ಮೊದಲೇ ಸೆರೆಯಲ್ಲಿ ಸತ್ತಿದ್ದನು.

ಟಿಪ್ಪು ತನ್ನ ಗೆಲುವನ್ನು ಜನರಿಗೆ ತೋರಿಸಲು ಬಯಸಿದನು. ಅವನ ನಾಡಿನಲ್ಲಿ ಆಗ ಸುದ್ದಿಪತ್ರಿಕೆಗಳಿರಲಿಲ್ಲ. ಆದರೆ ಚಿತ್ರ ಬರೆಯುವ ಕುಶಲಿಗಳಿದ್ದರು. ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಯ ಗೋಡೆಯ ಮೇಲೆ ಪೊಳ್ಳಿಲೂರಿನ ಯುದ್ಧವನ್ನು ಚಿತ್ರಿಸಿದರು. ಹೈದರ್ ಮತ್ತು ಟಿಪ್ಪು ಆನೆ ಕುದುರೆಗಳ ನಡುವೆ ಗಂಭೀರವಾಗಿ ಬರುತ್ತಾರೆ. ಬೇಯ್ಲಿ ಪಲ್ಲಕ್ಕಿಯಲ್ಲಿ ಕುಳಿತಿದ್ದಾನೆ. ಮದ್ದಿನ ಬಂಡಿ ಸಿಡಿಯುತ್ತಿದೆ. ಮುಂದೆ ಈ ಚಿತ್ರ ಅಳಿಸಿತ್ತು. ಇಂಗ್ಲಿಷರ ಕಾಲದಲ್ಲಿಯೇ ಅದನ್ನು ಮತ್ತೆ ಬರೆಸಿದರು. ಇಂದೂ ನಾವು ಅದನ್ನು ನೋಡಬಹುದು. ಗೆದ್ದವರು ಬರೆಸಿದ ಚಿತ್ರದಲ್ಲಿ ಗೆಲುವೇ ದೊಡ್ಡದಾಗಿ ಕಾಣುತ್ತದೆ. ಯುದ್ಧದಲ್ಲಿ ಮಗನನ್ನು ಕಳೆದುಕೊಂಡ ತಾಯಿ ಅಲ್ಲಿ ಕಾಣುವುದಿಲ್ಲ.

ಟಿಪ್ಪು ಕೇವಲ ಯೋಧನಾಗಿರಲಿಲ್ಲ. ಹೊಸ ನಾಣ್ಯಗಳನ್ನು ಟಂಕಿಸಿದನು. ಮೈಸೂರು ಸೀಮೆಯಲ್ಲಿ ರೇಷ್ಮೆ ಕೃಷಿಗೆ ಪ್ರೋತ್ಸಾಹ ಕೊಟ್ಟನು. ಇಂದು ಮಡಕಶಿರ, ಹಿಂದೂಪುರದ ಕಡೆಯ ರೈತರೂ ಹಿಪ್ಪುನೇರಳೆ ಬೆಳೆದು ರೇಷ್ಮೆ ಹುಳು ಸಾಕುತ್ತಾರೆ. ಫ್ರಾನ್ಸಿನ ಅರಸನ ಬಳಿಗೆ ಟಿಪ್ಪು ರಾಯಭಾರಿಗಳನ್ನು ಕಳುಹಿಸಿದನು. 1788ರಲ್ಲಿ ಅವರು ಪ್ಯಾರಿಸ್ ನಗರಕ್ಕೆ ಹೋದಾಗ ಅವರ ಉಡುಪನ್ನು ನೋಡಲು ಜನ ಮುಗಿಬಿದ್ದರು. 1791ರಲ್ಲಿ ಮರಾಠರ ಸೈನಿಕರಿಂದ ಶೃಂಗೇರಿ ಮಠಕ್ಕೆ ಹಾನಿಯಾದಾಗ ಟಿಪ್ಪು ಅಲ್ಲಿನ ಗುರುಗಳಿಗೆ ಗೌರವದಿಂದ ಪತ್ರ ಬರೆದು ನೆರವು ನೀಡಿದನು.

ಆದರೆ ಅವನ ಕಾಲದಲ್ಲಿ ನೊಂದವರೂ ಇದ್ದರು. ಕೊಡಗು, ಮಲಬಾರು ಮತ್ತು ಮಂಗಳೂರಿನ ಕಡೆಯ ಅನೇಕ ಕುಟುಂಬಗಳನ್ನು ಸೆರೆಹಿಡಿದು ದೂರಕ್ಕೆ ಸಾಗಿಸಲಾಯಿತು. 1786ರಲ್ಲಿ ಆದೋನಿಯ ಮುತ್ತಿಗೆಯ ನಂತರ ರಾಯದುರ್ಗದ ಪಾಳೆಯಗಾರ ವೆಂಕಟಪತಿ ನಾಯಕನು ತನ್ನ ಕೋಟೆಯನ್ನು ಕಳೆದುಕೊಂಡು ಶ್ರೀರಂಗಪಟ್ಟಣದಲ್ಲಿ ಸೆರೆಯಾದನು. ಶೃಂಗೇರಿಯ ನೆನಪು ಒಂದು ಬಗೆಯದು. ಕೊಡಗಿನ, ರಾಯದುರ್ಗದ ನೆನಪು ಇನ್ನೊಂದು ಬಗೆಯದು. ಎರಡೂ ನಿಜವೇ. ಒಂದನ್ನು ಹೇಳಿ ಇನ್ನೊಂದನ್ನು ಬಿಟ್ಟರೆ ಚರಿತ್ರೆ ಅರ್ಧವಾಗುತ್ತದೆ.

ಮೂರನೆಯ ಯುದ್ಧ 1790ರಲ್ಲಿ ಆರಂಭವಾಯಿತು. ಕಂಪನಿಯ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ತಾನೇ ಸೈನ್ಯದೊಡನೆ ಬಂದನು. ನಿಜಾಮ ಮತ್ತು ಮರಾಠರು ಅವನ ಜೊತೆ ಸೇರಿದರು. 1791ರಲ್ಲಿ ಬೆಂಗಳೂರು ಕೋಟೆ ಕಂಪನಿಯ ವಶವಾಯಿತು. ಆದರೆ ಶ್ರೀರಂಗಪಟ್ಟಣದ ಹತ್ತಿರ ಬಂದಾಗ ಮಳೆ ಹಿಡಿಯಿತು. ದವಸ ಮುಗಿಯಿತು. ಬಂಡಿ ಎಳೆಯುವ ಎತ್ತುಗಳು ಸಾವಿರಾರು ಸಂಖ್ಯೆಯಲ್ಲಿ ಸತ್ತವು. ಕಾರ್ನ್‌ವಾಲಿಸ್ ತನ್ನ ದೊಡ್ಡ ಫಿರಂಗಿಗಳನ್ನು ತಾನೇ ಹಾಳುಮಾಡಿ ಹಿಂದೆ ಸರಿದನು.

ಆಗ ಇಂಗ್ಲೆಂಡಿನಲ್ಲಿ ಈ ಯುದ್ಧವನ್ನು ಎಲ್ಲರೂ ಮೆಚ್ಚುತ್ತಿರಲಿಲ್ಲ. ಅಲ್ಲಿನ ಸಂಸತ್ತಿನ ಕೆಲವು ಸದಸ್ಯರು ಈ ಯುದ್ಧ ಅನ್ಯಾಯವೆಂದು ವಾದಿಸಿದರು. ಗಿಲ್‌ರೇ ಎಂಬ ವ್ಯಂಗ್ಯಚಿತ್ರಕಾರ ಕಾರ್ನ್‌ವಾಲಿಸ್ ಓಡಿಹೋಗುವಂತೆ ಚಿತ್ರ ಬರೆದು ನಗಿಸಿದನು. ಜನರ ಮನಸ್ಸು ಎರಡು ಕಡೆಗೆ ತೂಗುತ್ತಿತ್ತು.

1792ರ ಫೆಬ್ರವರಿಯಲ್ಲಿ ಕಂಪನಿ ಮತ್ತೆ ಶ್ರೀರಂಗಪಟ್ಟಣವನ್ನು ಮುತ್ತಿತು. ಟಿಪ್ಪು ಸೋತು ಒಪ್ಪಂದ ಮಾಡಿಕೊಳ್ಳಬೇಕಾಯಿತು. ತನ್ನ ರಾಜ್ಯದ ಅರ್ಧ ಭಾಗವನ್ನು ಬಿಟ್ಟುಕೊಟ್ಟನು. ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿ ಕೊಡಲು ಒಪ್ಪಿದನು. ಹಣ ತೀರುವವರೆಗೆ ತನ್ನ ಇಬ್ಬರು ಗಂಡುಮಕ್ಕಳನ್ನು ಒತ್ತೆಯಾಗಿ ಒಪ್ಪಿಸಿದನು. ಅಬ್ದುಲ್ ಖಾಲಿಕ್‌ಗೆ ಸುಮಾರು ಹತ್ತು ವರ್ಷ. ಮುಯಿಜುದ್ದೀನನಿಗೆ ಸುಮಾರು ಎಂಟು ವರ್ಷ. ಮಕ್ಕಳೇ, ಅವರು ನಿಮ್ಮಷ್ಟೇ ವಯಸ್ಸಿನವರು. ಅಲಂಕರಿಸಿದ ಆನೆಗಳ ಮೇಲೆ ಕುಳಿತು ಅವರು ಶತ್ರುವಿನ ಶಿಬಿರಕ್ಕೆ ಹೋದರು. ಕಾರ್ನ್‌ವಾಲಿಸ್ ಅವರನ್ನು ಅಪ್ಪಿಕೊಂಡು ಬರಮಾಡಿಕೊಂಡನು. ಇಬ್ಬರಿಗೂ ಚಿನ್ನದ ಗಡಿಯಾರಗಳನ್ನು ಕೊಟ್ಟನು.

ಈ ಒಂದು ದೃಶ್ಯ ಇಂಗ್ಲೆಂಡಿನ ಜನರ ಮನಸ್ಸನ್ನು ಬದಲಿಸಿತು. ಕಂಪನಿ ಸೈನ್ಯದ ಜೊತೆ ಬಂದಿದ್ದ ರಾಬರ್ಟ್ ಹೋಮ್ ಎಂಬ ಚಿತ್ರಕಾರ ಇದನ್ನು ಚಿತ್ರಿಸಿದನು. ಭಾರತವನ್ನು ಎಂದೂ ನೋಡದ ಚಿತ್ರಕಾರರೂ ಲಂಡನ್ನಿನಲ್ಲಿ ಕುಳಿತು ಇದೇ ದೃಶ್ಯವನ್ನು ಬರೆದರು. ಆ ಚಿತ್ರಗಳನ್ನು ಅಚ್ಚು ಹಾಕಿ ಮಾರಿದರು. ನಾಟಕಶಾಲೆಗಳಲ್ಲಿ ಟಿಪ್ಪುವಿನ ಸೋಲು ನಾಟಕವಾಯಿತು. ಚಿತ್ರಗಳಲ್ಲಿ ಕಾರ್ನ್‌ವಾಲಿಸ್ ಕರುಣೆಯುಳ್ಳ ತಂದೆಯಂತೆ ಕಂಡನು. ತಮ್ಮ ದೇಶದವರು ಎಷ್ಟು ದಯಾವಂತರೆಂದು ಜನ ಹೆಮ್ಮೆಪಟ್ಟರು. ಯುದ್ಧವನ್ನು ಟೀಕಿಸುತ್ತಿದ್ದ ದನಿಗಳು ಕುಗ್ಗಿದವು.

ಆದರೆ ಚಿತ್ರಗಳಲ್ಲಿ ಬಾರದ ಸಂಗತಿಗಳೂ ಇದ್ದವು. ಆ ಮಕ್ಕಳನ್ನು ತಂದೆತಾಯಿಯಿಂದ ಬೇರೆ ಮಾಡಿದವರೂ ಅವರನ್ನು ಅಪ್ಪಿಕೊಂಡವರೇ. ಇಬ್ಬರೂ ಮನೆಗೆ ಮರಳಿದ್ದು ಎರಡು ವರ್ಷಗಳ ನಂತರ, 1794ರಲ್ಲಿ. ಅದಲ್ಲದೆ 1791-92ರಲ್ಲಿ ದಖ್ಖಣದ ನಾಡಿನಲ್ಲಿ ಭೀಕರ ಬರ ಬಿದ್ದಿತ್ತು. ಸೈನ್ಯಗಳು ಹಾದುಹೋದ ದಾರಿಯಲ್ಲಿ ಬೆಳೆ ಉಳಿದಿರಲಿಲ್ಲ, ದನಕರು ಉಳಿದಿರಲಿಲ್ಲ. ಹಸಿದ ರೈತನ ಚಿತ್ರವನ್ನು ಲಂಡನ್ನಿನಲ್ಲಿ ಯಾರೂ ಅಚ್ಚು ಹಾಕಿ ಮಾರಲಿಲ್ಲ.

ಸೋಲಿನ ನಂತರ ಟಿಪ್ಪು ಮತ್ತೆ ಬಲಗೊಳ್ಳಲು ಶ್ರಮಿಸಿದನು. ಒಪ್ಪಿದ ಹಣವನ್ನು ತೀರಿಸಿ ಮಕ್ಕಳನ್ನು ಬಿಡಿಸಿಕೊಂಡನು. ಇಂಗ್ಲಿಷರ ವೈರಿಗಳಾದ ಫ್ರೆಂಚರ ನೆರವು ಪಡೆಯಲು ಮಾರಿಷಸ್ ದ್ವೀಪಕ್ಕೆ ಗುಟ್ಟಾಗಿ ಇಬ್ಬರು ದೂತರನ್ನು ಕಳುಹಿಸಿದನು. ಆದರೆ ಅಲ್ಲಿನ ಫ್ರೆಂಚ್ ಗವರ್ನರ್ ಮಲಾರ್ತಿಕ್ 1798ರ ಜನವರಿಯಲ್ಲಿ ಒಂದು ಪ್ರಕಟಣೆಯನ್ನೇ ಅಚ್ಚು ಮಾಡಿಸಿ ಹಂಚಿದನು. ಟಿಪ್ಪುವಿನ ಸೈನ್ಯಕ್ಕೆ ಸೇರಬಯಸುವವರು ಬರಬಹುದೆಂದು ಅದರಲ್ಲಿ ತಿಳಿಸಿದ್ದನು. ಗುಟ್ಟು ರಟ್ಟಾಯಿತು. ಕೊನೆಗೆ ಬಂದವರು ಸುಮಾರು ನೂರು ಮಂದಿ ಮಾತ್ರ.

ಜೂನ್ ತಿಂಗಳಲ್ಲಿ ಆ ಪ್ರಕಟಣೆ ಕಲ್ಕತ್ತಾದ ಸುದ್ದಿಪತ್ರಿಕೆಯಲ್ಲಿ ಅಚ್ಚಾಯಿತು. ಹೊಸದಾಗಿ ಬಂದಿದ್ದ ಗವರ್ನರ್ ಜನರಲ್ ವೆಲ್ಲೆಸ್ಲಿ ಅದನ್ನು ಓದಿದನು. ಟಿಪ್ಪು ಫ್ರೆಂಚರೊಡನೆ ಸೇರಿ ದಾಳಿ ಮಾಡಲಿದ್ದಾನೆ ಎನ್ನಲು ಅವನಿಗೆ ಒಂದು ಆಧಾರ ಸಿಕ್ಕಿತು. ಅದೇ ವರ್ಷ ಫ್ರಾನ್ಸಿನ ಸೇನಾನಿ ನೆಪೋಲಿಯನ್ ಈಜಿಪ್ಟಿಗೆ ಬಂದಿಳಿದದ್ದರಿಂದ ಇಂಗ್ಲಿಷರ ಭಯ ಹೆಚ್ಚಿತು. ನೂರು ಮಂದಿಯ ಸುದ್ದಿ ದೊಡ್ಡ ಯುದ್ಧಕ್ಕೆ ಕಾರಣವಾಯಿತು.

1799ರಲ್ಲಿ ನಾಲ್ಕನೆಯ ಯುದ್ಧ ನಡೆಯಿತು. ಕಂಪನಿಯ ಮತ್ತು ನಿಜಾಮನ ಸೈನ್ಯಗಳು ಶ್ರೀರಂಗಪಟ್ಟಣವನ್ನು ಸುತ್ತುವರಿದವು. ಫಿರಂಗಿಗಳ ಹೊಡೆತಕ್ಕೆ ಕೋಟೆಯ ಗೋಡೆ ಬಿರಿಯಿತು. ಮೇ 4ರ ಮಧ್ಯಾಹ್ನ ಕಂಪನಿಯ ಸೈನಿಕರು ಕಾವೇರಿ ನದಿಯನ್ನು ದಾಟಿ ಒಳನುಗ್ಗಿದರು. ಅವರ ಮುಂದಾಳು ಯಾರು ಗೊತ್ತೇ? ಹಿಂದೆ ಅದೇ ಊರಿನಲ್ಲಿ ಸೆರೆಯಾಗಿದ್ದ ಡೇವಿಡ್ ಬೇರ್ಡ್! ಟಿಪ್ಪು ಓಡಿಹೋಗಲಿಲ್ಲ. ಸಾಮಾನ್ಯ ಸೈನಿಕನಂತೆ ಹೋರಾಡಿ ಕೋಟೆಯ ಬಾಗಿಲೊಂದರ ಬಳಿ ಮಡಿದನು. ರಾತ್ರಿ ದೀಪದ ಬೆಳಕಿನಲ್ಲಿ ಹೆಣಗಳ ರಾಶಿಯ ನಡುವೆ ಅವನ ದೇಹವನ್ನು ಹುಡುಕಿದರು. ಮರುದಿನ ಅವನ ತಂದೆತಾಯಿಗಳ ಸಮಾಧಿಯ ಪಕ್ಕದಲ್ಲಿ ಅವನನ್ನು ಹೂಳಿದರು. ಆ ಸಮಾಧಿ ಮಂದಿರವೇ ಗುಂಬಜ್.

ಟಿಪ್ಪು ಮಡಿದ ಒಂಬತ್ತನೆಯ ದಿನ, ಅಂದರೆ ಮೇ 13ರಂದು, ಕಲ್ಕತ್ತಾದಲ್ಲಿ ವೆಲ್ಲೆಸ್ಲಿಯ ಸರಕಾರ ಒಂದು ಕಟ್ಟಳೆ ಮಾಡಿತು. ಪತ್ರಿಕೆಯ ಸಂಪಾದಕರು ಅಚ್ಚು ಮಾಡುವ ಮೊದಲು ಪ್ರತಿಯೊಂದು ಸುದ್ದಿಯನ್ನೂ ಸರಕಾರಿ ಅಧಿಕಾರಿಗೆ ತೋರಿಸಬೇಕಾಗಿತ್ತು. ತಪ್ಪಿದರೆ ಅವರನ್ನು ಹಡಗು ಹತ್ತಿಸಿ ಯೂರೋಪಿಗೆ ಕಳುಹಿಸುತ್ತಿದ್ದರು. ಈ ಕಟ್ಟಳೆ 1818ರವರೆಗೂ ಇತ್ತು.

ಟಿಪ್ಪುವಿನ ಸಾವಿನ ಸುದ್ದಿ ಲಂಡನ್ನನ್ನು ಮುಟ್ಟಿದ್ದು ಸೆಪ್ಟೆಂಬರಿನಲ್ಲಿ. ಮರುವರ್ಷವೇ ಅಲ್ಲಿ ಕೋಟೆ ಮುತ್ತಿಗೆಯ ಚಿತ್ರವೊಂದನ್ನು ಪ್ರದರ್ಶಿಸಿದರು. ಅದು ನೂರು ಅಡಿಗಿಂತ ಉದ್ದವಾಗಿತ್ತು. ಜನ ಹಣ ಕೊಟ್ಟು, ಗುಂಪುಗುಂಪಾಗಿ ಬಂದು ನೋಡಿದರು. ಕಂಪನಿ ತನ್ನ ಸೈನಿಕರಿಗೆ ಕೊಟ್ಟ ಪದಕದ ಮೇಲೆ ಸಿಂಹವೊಂದು ಹುಲಿಯನ್ನು ಕೆಡವಿರುವ ಚಿತ್ರವಿತ್ತು. ಸಿಂಹ ಇಂಗ್ಲಿಷರ ಗುರುತು, ಹುಲಿ ಟಿಪ್ಪುವಿನ ಗುರುತು. ಟಿಪ್ಪುವಿನ ಅರಮನೆಯಲ್ಲಿ ಮರದ ಹುಲಿಯ ಬೊಂಬೆಯೊಂದು ಸಿಕ್ಕಿತ್ತು. ಹಿಡಿಯನ್ನು ತಿರುಗಿಸಿದರೆ ಹುಲಿ ಗುರುಗುಟ್ಟುತ್ತದೆ. ಅದರ ಕಾಲಡಿ ಬಿದ್ದ ಪರಂಗಿಯವನು ನರಳುತ್ತಾನೆ. ಟಿಪ್ಪು ತನ್ನ ಕೋಪವನ್ನು ಈ ಬೊಂಬೆಯಲ್ಲಿ ತೋರಿಸಿದ್ದನು. ಅದನ್ನು ಲಂಡನ್ನಿಗೆ ಒಯ್ದು 1808ರಿಂದ ಪ್ರದರ್ಶನಕ್ಕಿಟ್ಟರು. ಅದನ್ನು ನೋಡಿದ ಅಲ್ಲಿನ ಮಕ್ಕಳಿಗೆ ಟಿಪ್ಪು ಎಂದರೆ ಕ್ರೂರ ಹುಲಿ ಎಂದೇ ತೋರಿತು. ಈಗ ಅದು ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದೆ.

ಟಿಪ್ಪು ಸತ್ತು ನಲವತ್ತು ವರ್ಷಗಳಾದ ಮೇಲೂ ಅಲ್ಲಿನ ಚಿತ್ರಕಾರರು ಬೇರ್ಡ್ ಅವನ ದೇಹವನ್ನು ಕಂಡ ದೃಶ್ಯವನ್ನು ಬರೆಯುತ್ತಿದ್ದರು. ಸುಮಾರು ಎಪ್ಪತ್ತು ವರ್ಷಗಳಾದ ಮೇಲೂ ಕಾದಂಬರಿಗಳು ಶ್ರೀರಂಗಪಟ್ಟಣದ ಮುತ್ತಿಗೆಯಿಂದ ಆರಂಭವಾಗುತ್ತಿದ್ದವು. ಯುದ್ಧವನ್ನು ಕಾಣದ ಮೊಮ್ಮಕ್ಕಳು ಅಜ್ಜಂದಿರ ಕಾಲದ ಚಿತ್ರಗಳನ್ನು ನೋಡಿಯೇ ಬೆಳೆದರು. ಬೇರೆ ನಾಡುಗಳನ್ನು ಗೆಲ್ಲುವುದು ಸರಿಯಾದ ಕೆಲಸವೆಂದು ಅವರಲ್ಲಿ ಬಹಳ ಮಂದಿ ನಂಬಿದರು.

ನಮ್ಮ ನಾಡಿನಲ್ಲಿ ಸುದ್ದಿ ಬೇರೆ ದಾರಿ ಹಿಡಿಯಿತು. ಲಾವಣಿಕಾರರು ಊರೂರು ಸುತ್ತಿ ಟಿಪ್ಪುವಿನ ಶೌರ್ಯವನ್ನು ಹಾಡಿದರು. ಓದು ಬಾರದವರೂ ಅದನ್ನು ಕೇಳಿ ಕಲಿತರು. 1843ರಲ್ಲಿ ಮಂಗಳೂರಿನಲ್ಲಿ ಕನ್ನಡದ ಮೊದಲ ಪತ್ರಿಕೆ ಮಂಗಳೂರ ಸಮಾಚಾರ ಹೊರಟಿತು. ಮರುವರ್ಷ ಅದು ಕನ್ನಡ ಸಮಾಚಾರ ಎಂಬ ಹೆಸರಿನಿಂದ ಬಳ್ಳಾರಿಯಲ್ಲಿ ಅಚ್ಚಾಯಿತು. ಆಗ ರಾಯದುರ್ಗವೂ ಮಡಕಶಿರವೂ ಬಳ್ಳಾರಿ ಜಿಲ್ಲೆಯಲ್ಲಿದ್ದವು. ಟಿಪ್ಪುವಿನ ರಾಜ್ಯ ಹಂಚಿಹೋದಾಗ ನಿಜಾಮನ ಪಾಲಾದ ನಮ್ಮ ಸೀಮೆಯನ್ನು ಅವನು 1800ರಲ್ಲಿ ಕಂಪನಿಗೆ ಬಿಟ್ಟುಕೊಟ್ಟಿದ್ದನು. ಆದ್ದರಿಂದಲೇ ಇದಕ್ಕೆ ದತ್ತಮಂಡಲ ಎಂಬ ಹೆಸರು ಬಂದಿತು. ಈಗ ರಾಯದುರ್ಗ ಅನಂತಪುರ ಜಿಲ್ಲೆಯಲ್ಲಿದೆ. ಮಡಕಶಿರ 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ.

ಕಾಲ ಉರುಳಿತು. ಅಮೆರಿಕದ ರಾಕೆಟ್ ಕೇಂದ್ರವೊಂದಕ್ಕೆ ಹೋಗಿದ್ದ ವಿಜ್ಞಾನಿ ಅಬ್ದುಲ್ ಕಲಾಂ ಅವರು ಅಲ್ಲಿನ ಗೋಡೆಯ ಮೇಲೆ ಟಿಪ್ಪುವಿನ ಸೈನಿಕರು ರಾಕೆಟ್ ಹಾರಿಸುವ ಚಿತ್ರವನ್ನು ಕಂಡು ಆಶ್ಚರ್ಯಪಟ್ಟರು. 1990ರಲ್ಲಿ ದೂರದರ್ಶನದಲ್ಲಿ ಟಿಪ್ಪುವಿನ ಧಾರಾವಾಹಿ ಬಂದಾಗ ದೇಶದ ಜನ ಮತ್ತೊಮ್ಮೆ ಅವನ ಬಗ್ಗೆ ಮಾತನಾಡಿದರು. ಇಂದಿಗೂ ಅವನ ಬಗ್ಗೆ ಚರ್ಚೆ ನಿಂತಿಲ್ಲ.

ಮಕ್ಕಳೇ, ನಿಮ್ಮ ಅಜ್ಜ ಅಜ್ಜಿಯರು 1971ರ ಯುದ್ಧದ ಸುದ್ದಿಯನ್ನು ರೇಡಿಯೋದಲ್ಲಿ ಕೇಳಿರಬಹುದು. ಟಿಪ್ಪು ಮಡಿದು ಸರಿಯಾಗಿ ಇನ್ನೂರು ವರ್ಷಗಳಾದಾಗ, 1999ರಲ್ಲಿ, ಕಾರ್ಗಿಲ್ ಯುದ್ಧವನ್ನು ನಿಮ್ಮ ತಂದೆತಾಯಿಗಳು ಟಿ.ವಿ.ಯಲ್ಲಿ ನೋಡಿರಬಹುದು. ಈಗ ಯಾವುದೋ ದೇಶದ ಯುದ್ಧ ಕ್ಷಣದಲ್ಲಿ ಮೊಬೈಲಿಗೆ ಬರುತ್ತದೆ. ಅಂದು ತಿಂಗಳುಗಟ್ಟಲೆ ಹಿಡಿಯುತ್ತಿದ್ದ ಸುದ್ದಿಗೆ ಇಂದು ಒಂದು ನಿಮಿಷವೂ ಬೇಡ. ಆದರೆ ಕೇಳಬೇಕಾದ ಪ್ರಶ್ನೆಗಳು ಅವೇ. ಇದನ್ನು ಹೇಳುತ್ತಿರುವವರು ಯಾರು? ಅವರು ಅಲ್ಲಿದ್ದು ಕಂಡರೇ, ಅಥವಾ ದೂರದಲ್ಲಿ ಕುಳಿತು ಬರೆದರೇ? ಈ ಚಿತ್ರದಲ್ಲಿ ಯಾರು ಕಾಣುತ್ತಿಲ್ಲ?

ದೇಶವನ್ನು ಕಾಯುವ ಸೈನಿಕರನ್ನು ಗೌರವಿಸೋಣ. ಅದರ ಜೊತೆಗೆ ಆನೆಯ ಮೇಲೆ ಕುಳಿತು ಶತ್ರುವಿನ ಶಿಬಿರಕ್ಕೆ ಹೋದ ಆ ಇಬ್ಬರು ಹುಡುಗರನ್ನೂ ನೆನೆಯೋಣ. ಚಿತ್ರಗಳಲ್ಲಿ ಅವರ ಬೆಲೆಬಾಳುವ ಉಡುಪು ಚೆನ್ನಾಗಿ ಕಾಣುತ್ತದೆ. ಅವರ ಮನಸ್ಸಿನಲ್ಲಿ ಏನಿತ್ತೆಂದು ನಾವೇ ಯೋಚಿಸಬೇಕು.

ಪದಗಳ ಅರ್ಥ

ಒತ್ತೆ – ಮಾತು ಉಳಿಸಿಕೊಳ್ಳುವವರೆಗೆ ಅಡವಾಗಿ ಇಡುವುದು
ಹರಿಕಾರ – ಸುದ್ದಿ ಒಯ್ಯುವ ದೂತ
ಟಂಕಿಸು – ನಾಣ್ಯ ಅಚ್ಚು ಮಾಡು
ರಟ್ಟಾಗು – ಬಯಲಾಗು
ಕಟ್ಟಳೆ – ನಿಯಮ
ಪರಂಗಿಯವನು – ಯೂರೋಪಿನವನು
ಲಾವಣಿ – ಕತೆ ಹೇಳುವ ಜನಪದ ಹಾಡು

ಅಭ್ಯಾಸ

ಅ) ಒಂದೊಂದು ವಾಕ್ಯದಲ್ಲಿ ಉತ್ತರಿಸಿರಿ.
1. ಟಿಪ್ಪು ಎಲ್ಲಿ ಜನಿಸಿದನು?
2. ಭಾರತದ ಮೊದಲ ಸುದ್ದಿಪತ್ರಿಕೆಯನ್ನು ಆರಂಭಿಸಿದವನು ಯಾರು?
3. ಒತ್ತೆಯಾಗಿ ಹೋದ ಟಿಪ್ಪುವಿನ ಮಕ್ಕಳ ಹೆಸರೇನು?
4. ಕನ್ನಡದ ಮೊದಲ ಪತ್ರಿಕೆ ಯಾವುದು?

ಆ) ಮೂರು ನಾಲ್ಕು ವಾಕ್ಯಗಳಲ್ಲಿ ಉತ್ತರಿಸಿರಿ.
1. ಹೈದರಾಲಿಯ ಸಾವಿನ ಸುದ್ದಿಯನ್ನು ಏಕೆ ಬಚ್ಚಿಟ್ಟರು?
2. ಒತ್ತೆ ಮಕ್ಕಳ ಚಿತ್ರ ನೋಡಿದ ಇಂಗ್ಲೆಂಡಿನ ಜನರ ಅಭಿಪ್ರಾಯ ಹೇಗೆ ಬದಲಾಯಿತು?
3. ಮಾರಿಷಸ್ಸಿನ ಪ್ರಕಟಣೆಯಿಂದ ಏನಾಯಿತು?

ಇ) ಇವುಗಳನ್ನು ನಡೆದ ಕಾಲಕ್ಕೆ ತಕ್ಕಂತೆ ಕ್ರಮವಾಗಿ ಬರೆಯಿರಿ.
ಮಂಗಳೂರು ಒಪ್ಪಂದ, ಪೊಳ್ಳಿಲೂರಿನ ಯುದ್ಧ, ಟಿಪ್ಪುವಿನ ಮರಣ, ರಾಯದುರ್ಗದ ಪಾಳೆಯಗಾರನ ಸೆರೆ, ಹೈದರಾಲಿಯ ಮರಣ

ಈ) ಚಟುವಟಿಕೆ
ಒಂದೇ ಸುದ್ದಿಯನ್ನು ಎರಡು ಪತ್ರಿಕೆಗಳಲ್ಲಿ ಓದಿರಿ. ಒಂದರಲ್ಲಿದ್ದು ಇನ್ನೊಂದರಲ್ಲಿ ಇಲ್ಲದ ವಿಷಯಗಳನ್ನು ಪಟ್ಟಿ ಮಾಡಿರಿ. ನಿಮ್ಮ ಮನೆಯ ಹಿರಿಯರನ್ನು ಕೇಳಿ, ಅವರು ಚಿಕ್ಕವರಿದ್ದಾಗ ಯುದ್ಧದ ಸುದ್ದಿ ಊರಿಗೆ ಹೇಗೆ ತಲುಪುತ್ತಿತ್ತೆಂದು ಐದು ವಾಕ್ಯಗಳಲ್ಲಿ ಬರೆಯಿರಿ.